ಮುಟ್ಟದೆ ತಗಡಿನ ಒಳಗನ್ನು ಕೇಳುವುದು

(ಐಟಿಐ, ಡಿಪ್ಲೊಮಾ ವಿದ್ಯಾರ್ಥಿಗಳು ಮತ್ತು ಸಣ್ಣ ಕಾರ್ಖಾನೆಯವರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಓಟವನ್ನು ಹಾಗೇ ಇಟ್ಟಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತಿನ ವಿಷಯ ತಗಡು. ತಗಡನ್ನು ಮುಟ್ಟದೆ, ಅದರ ಮೇಲೆ ನೀರು, ಎಣ್ಣೆ, ಜೆಲ್ ಏನನ್ನೂ ಹಾಕದೆ, ಅದರೊಳಗೆ ಶಬ್ದ ಹರಿಸಿ ದೋಷ ಹುಡುಕುವುದು ಹೇಗೆ ಅನ್ನುವ ಮಾತು. ನಾನು ಎನ್‌ಡಿಟಿ ಕೆಲಸದವನು. ಅಂದರೆ ವಸ್ತುವನ್ನು ಕೆಡಿಸದೆ ಪರೀಕ್ಷೆ ಮಾಡುವವನು. ಈ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು.

ನಿಮ್ಮ ಮನೆಯ ಅಡುಗೆ ಗ್ಯಾಸಿನ ಸಿಲಿಂಡರನ್ನು ಒಮ್ಮೆ ಗಮನವಿಟ್ಟು ನೋಡಿ. ಹೊಟ್ಟೆಯ ಸುತ್ತ ಒಂದು ವೆಲ್ಡಿಂಗ್ ಗೆರೆ ಇರುತ್ತದೆ. ಮೇಲಿನ ಅರ್ಧ ಒಂದು ತುಂಡು, ಕೆಳಗಿನ ಅರ್ಧ ಇನ್ನೊಂದು ತುಂಡು. ಎರಡೂ ಮೊದಲು ಚಪ್ಪಟೆ ಉಕ್ಕಿನ ತಗಡಾಗಿದ್ದವು. ತಗಡನ್ನು ದುಂಡಗೆ ಕತ್ತರಿಸಿ, ಪ್ರೆಸ್ಸಿನಲ್ಲಿಟ್ಟು, ಡೈ ಅನ್ನುವ ಅಚ್ಚಿನೊಳಗೆ ಎಳೆದು ಬಟ್ಟಲಿನ ಆಕಾರಕ್ಕೆ ತರುತ್ತಾರೆ. ಡೀಪ್ ಡ್ರಾಯಿಂಗ್ ಅಂದರೆ ಇದೇ. ಸಿಲಿಂಡರಿಗೆ ಬಳಸುವ ಉಕ್ಕಿನ ತಗಡು ಹೇಗಿರಬೇಕು ಅನ್ನುವುದಕ್ಕೆ ಐಎಸ್ 6240 ಅನ್ನುವ ಭಾರತೀಯ ಮಾನಕ ಇದೆ. ತಗಡಿನ ದಪ್ಪ ಎರಡು ಮೂರು ಮಿಲಿಮೀಟರ್ ಆಸುಪಾಸು. ಅಷ್ಟು ತೆಳುವಾದ ಗೋಡೆಯ ಒಳಗೆ ಒತ್ತಡದಲ್ಲಿರುವ ಗ್ಯಾಸ್. ಅದು ನಮ್ಮ ಅಡುಗೆಮನೆಯಲ್ಲಿ ಕೂತಿರುತ್ತದೆ.

ಆ ತಗಡು ಮೇಲ್ನೋಟಕ್ಕೆ ಚೆನ್ನಾಗಿರುತ್ತದೆ. ಒಳಗೆ ಹೇಗಿದೆ?

ಉಕ್ಕನ್ನು ಕರಗಿಸಿ, ಎರಕ ಹೊಯ್ದು, ಮೊದಲು ದಪ್ಪ ಸ್ಲ್ಯಾಬ್ ಮಾಡುತ್ತಾರೆ. ಅದನ್ನು ಕೆಂಪಗೆ ಕಾಯಿಸಿ ರೋಲರುಗಳ ನಡುವೆ ಒತ್ತಿ ಒತ್ತಿ ತಗಡು ಮಾಡುತ್ತಾರೆ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿರುವ ಜೆಎಸ್‌ಡಬ್ಲ್ಯು ಕಾರ್ಖಾನೆಯಲ್ಲೂ ತಗಡು ಹುಟ್ಟುವುದು ಹೀಗೇ. ಸ್ಲ್ಯಾಬ್ 220 ಮಿಲಿಮೀಟರ್ ದಪ್ಪ ಇತ್ತು, ತಗಡು 3 ಮಿಲಿಮೀಟರ್ ಆಯಿತು ಅಂತ ಇಟ್ಟುಕೊಳ್ಳಿ. ಉದ್ದ 70 ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಎರಕದಲ್ಲಿ ಸಿಕ್ಕಿಕೊಂಡ ಕಿಟ್ಟದ ಚೂರೋ, ಗಾಳಿಯ ಗುಳ್ಳೆಯೋ ಇದ್ದರೆ ಅದೂ ತಗಡಿನ ಜೊತೆಗೇ ಹಿಗ್ಗುತ್ತದೆ. ಚಪಾತಿ ಲಟ್ಟಿಸುವಾಗ ಹಿಟ್ಟಿನ ಉಂಡೆಯಲ್ಲಿ ಗಾಳಿ ಉಳಿದಿದ್ದರೆ ಅದು ಚಪ್ಪಟೆಯಾಗಿ ಹರಡಿಕೊಳ್ಳುತ್ತದಲ್ಲ, ಹಾಗೆ. ಸ್ಲ್ಯಾಬಿನಲ್ಲಿ 5 ಮಿಲಿಮೀಟರ್ ಇದ್ದ ದೋಷ ತಗಡಿನಲ್ಲಿ ಮೀಟರಿನ ಮೂರನೇ ಒಂದು ಪಾಲು ಉದ್ದದ ಗೆರೆ ಆಗಬಹುದು. ದಪ್ಪದಲ್ಲಿ ಮಾತ್ರ ಅದು ಕೂದಲಿಗಿಂತ ತೆಳು. ಅಲ್ಲಿ ತಗಡು ಎರಡು ಪದರವಾಗಿ ಬಿಟ್ಟುಕೊಂಡಿರುತ್ತದೆ. ಇದಕ್ಕೆ ಲ್ಯಾಮಿನೇಷನ್ ಅನ್ನುತ್ತೇವೆ.

ಪ್ರೆಸ್ ಶಾಪಿನಲ್ಲಿ ಕೆಲಸ ಮಾಡಿದವರಿಗೆ ಮುಂದಿನ ಕಥೆ ಗೊತ್ತು. ಡೈ ಸರಿ ಇದೆ, ಎಣ್ಣೆ ಹಚ್ಚಿದ್ದಾರೆ, ಒತ್ತಡ ಸರಿ ಇದೆ. ಆದರೂ ಬಟ್ಟಲಿನ ಪಕ್ಕ ಸೀಳುತ್ತದೆ. ಮೊದಲು ಬೈಸಿಕೊಳ್ಳುವವನು ಪ್ರೆಸ್ ಆಪರೇಟರ್. ಆಮೇಲೆ ಡೈ ಮಾಡಿದವನು. ಸೀಳಿದ ಅಂಚನ್ನು ಕತ್ತರಿಸಿ, ಪಾಲಿಷ್ ಮಾಡಿ, ಮೈಕ್ರೋಸ್ಕೋಪಿನ ಕೆಳಗೆ ಇಟ್ಟರೆ ತಗಡಿನ ನಟ್ಟನಡುವೆ ಕಪ್ಪು ಗೆರೆ ಕಾಣುತ್ತದೆ. ಅಷ್ಟು ಹೊತ್ತಿಗೆ ದಿನದ ಕೆಲಸ ಹಾಳಾಗಿರುತ್ತದೆ, ಆಪರೇಟರಿನ ಮನಸ್ಸೂ ಹಾಳಾಗಿರುತ್ತದೆ. ತಗಡು ಪ್ರೆಸ್ಸಿಗೆ ಬರುವ ಮೊದಲೇ ಆ ಗೆರೆ ಗೊತ್ತಾಗಬೇಕು. ತಗಡು ಬರುವುದು ಸುತ್ತಿಟ್ಟ ಸುರುಳಿಯಾಗಿ. ಒಂದು ತುಂಡಿನ ಮೇಲೆ ಪರೀಕ್ಷೆ ಮಾಡಿ ಇಡೀ ಸುರುಳಿ ಚೆನ್ನಾಗಿದೆ ಅಂತ ಊಹೆ ಮಾಡಿದರೆ ಸಾಲದು. ಇಡೀ ಸುರುಳಿಯನ್ನು, ಅದು ಓಡುತ್ತಿರುವಾಗಲೇ ನೋಡಬೇಕು.

ಲೋಹದೊಳಗೆ ಶಬ್ದ ಕಳಿಸಿ ದೋಷ ಹುಡುಕುವ ಯೋಚನೆ ಹಳೆಯದು. ರಷ್ಯಾದ ಲೆನಿನ್‌ಗ್ರಾಡಿನಲ್ಲಿ ವಿಜ್ಞಾನಿ ಸೆರ್ಗೆ ಸೊಕೊಲೊವ್ 1928ರ ಹೊತ್ತಿಗೇ ಇದನ್ನು ಸೂಚಿಸಿದ್ದರು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಫ್ಲಾಯ್ಡ್ ಫೈರ್‌ಸ್ಟೋನ್ ಚಿಕ್ಕ ಚಿಕ್ಕ ಶಬ್ದದ ಮಿಡಿತ ಕಳಿಸಿ, ತಿರುಗಿ ಬರುವ ಪ್ರತಿಧ್ವನಿಯನ್ನು ಪರದೆಯ ಮೇಲೆ ನೋಡುವ ಯಂತ್ರ ಮಾಡಿದರು. ಅದರ ಪೇಟೆಂಟ್ ಸಿಕ್ಕಿದ್ದು 1942ರಲ್ಲಿ. ಇವತ್ತಿನ ಅಲ್ಟ್ರಾಸೋನಿಕ್ ಯಂತ್ರಗಳೆಲ್ಲ, ಅಂದರೆ ಕಿವಿಗೆ ಕೇಳದಷ್ಟು ಹೆಚ್ಚು ಕಂಪನದ ಶಬ್ದ ಬಳಸುವ ಯಂತ್ರಗಳು, ಆ ದಾರಿಯಲ್ಲೇ ಬಂದವು.

ಆದರೆ ಆ ದಾರಿಯಲ್ಲಿ ಒಂದು ಕಟ್ಟುಪಾಡು ಇದೆ. ಶಬ್ದ ಕಳಿಸಿ ಹಿಡಿಯುವ ಉಪಕರಣಕ್ಕೆ ಪ್ರೋಬ್ ಅನ್ನುತ್ತೇವೆ. ಪ್ರೋಬಿಗೂ ಲೋಹಕ್ಕೂ ನಡುವೆ ಗಾಳಿ ಇರಬಾರದು. ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಾಡುವಾಗ ಹೊಟ್ಟೆಗೆ ತಣ್ಣನೆ ಜೆಲ್ ಹಚ್ಚುತ್ತಾರಲ್ಲ, ಕಾರಣ ಅದೇ. ರೈಲು ಹಳಿಗಳ ಮೇಲೆ ಪುಟ್ಟ ಗಾಡಿ ತಳ್ಳಿಕೊಂಡು ಹಳಿಯಲ್ಲಿ ಬಿರುಕು ಹುಡುಕುವವರನ್ನು ನೀವು ನೋಡಿರಬಹುದು. ಆ ಗಾಡಿಯ ಮೇಲೆ ನೀರಿನ ಡಬ್ಬ ಇರುತ್ತದೆ. ಪ್ರೋಬಿನ ಕೆಳಗೆ ನೀರು ಹರಿಯುತ್ತಲೇ ಇರಬೇಕು.

ಗಾಳಿ ಯಾಕೆ ಇಷ್ಟು ತೊಂದರೆ ಕೊಡುತ್ತದೆ? ಒಂದು ವಸ್ತುವಿನಿಂದ ಇನ್ನೊಂದಕ್ಕೆ ಶಬ್ದ ದಾಟಬೇಕಾದರೆ ಎರಡರ ಸಾಂದ್ರತೆ ಮತ್ತು ಶಬ್ದದ ವೇಗದ ಗುಣಲಬ್ಧ ಹತ್ತಿರ ಹತ್ತಿರ ಇರಬೇಕು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, ಉಕ್ಕಿನಲ್ಲಿ ಸುಮಾರು 5,900 ಮೀಟರ್. ಸಾಂದ್ರತೆಯ ವ್ಯತ್ಯಾಸ ಸಾವಿರಾರು ಪಟ್ಟು. ಗುಣಿಸಿ ನೋಡಿದರೆ ಉಕ್ಕು ಮತ್ತು ಗಾಳಿಯ ನಡುವೆ ಲಕ್ಷ ಪಟ್ಟಿಗಿಂತ ಜಾಸ್ತಿ ಅಂತರ. ಹಾಗಾಗಿ ಗಾಳಿಯಿಂದ ಬಂದ ಶಬ್ದಶಕ್ತಿಯಲ್ಲಿ ಲಕ್ಷಕ್ಕೆ ನಾಲ್ಕು ಪಾಲು ಮಾತ್ರ ದಪ್ಪ ಉಕ್ಕಿನೊಳಗೆ ಹೋಗುತ್ತದೆ. ಉಳಿದದ್ದೆಲ್ಲ ಮೇಲ್ಮೈಯಿಂದಲೇ ವಾಪಸ್. ಒಳಗೆ ಹೋದದ್ದು ಮತ್ತೆ ಗಾಳಿಗೆ ಬರಬೇಕಾದರೆ ಅದರಲ್ಲೂ ಲಕ್ಷಕ್ಕೆ ನಾಲ್ಕು. ಎರಡೂ ಸೇರಿದರೆ ನೂರು ಕೋಟಿಯಲ್ಲಿ ಒಂದು ಪಾಲು ಉಳಿಯುತ್ತದೆ. ನೀರಿನಿಂದ ಉಕ್ಕಿಗಾದರೆ ನೂರಕ್ಕೆ ಹನ್ನೆರಡು ಪಾಲು ದಾಟುತ್ತದೆ. ನೀರಿನ ಡಬ್ಬ ಯಾಕೆ ಬೇಕು ಅಂತ ಈಗ ಗೊತ್ತಾಯಿತಲ್ಲ.

ಹಾಗಾದರೆ ತಗಡಿನ ಮೇಲೂ ನೀರು ಹಾಕಿದರೆ ಆಯಿತಲ್ವಾ? ದಪ್ಪ ಪ್ಲೇಟುಗಳಿಗೆ ಹಾಗೇ ಮಾಡುತ್ತಾರೆ. ತೆಳು ತಗಡಿನ ವಿಷಯ ಬೇರೆ. ಒಪ್ಪ ಮಾಡಿದ ಕೋಲ್ಡ್ ರೋಲ್ಡ್, ಅಂದರೆ ಕಾಯಿಸದೆ ರೋಲ್ ಮಾಡಿದ, ತಗಡಿನ ಮೇಲೆ ನೀರು ಉಳಿದರೆ ತುಕ್ಕಿನ ಕಲೆ ಬೀಳುತ್ತದೆ. ಬಿಸಿ ತಗಡಿನ ಮೇಲೆ ನೀರು ನಿಲ್ಲುವುದೇ ಇಲ್ಲ. ಸೆಕೆಂಡಿಗೆ ಎರಡು ಮೀಟರ್ ಓಡುವ ತಗಡಿಗೆ ಪ್ರೋಬ್ ಒತ್ತಿ ಹಿಡಿದರೆ ಪ್ರೋಬ್ ಸವೆಯುತ್ತದೆ, ತಗಡಿಗೆ ಗೀರು ಬೀಳುತ್ತದೆ.

ಇನ್ನೊಂದು ತೊಂದರೆ ತಗಡಿನ ತೆಳುವಿನಲ್ಲೇ ಇದೆ. 2 ಮಿಲಿಮೀಟರ್ ಉಕ್ಕಿನಲ್ಲಿ ಶಬ್ದ ಕೆಳಗೆ ಹೋಗಿ ಮೇಲೆ ಬರಲು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲೂ ಬೇಡ, 0.68 ಮೈಕ್ರೋಸೆಕೆಂಡ್ ಸಾಕು. ಸಾಮಾನ್ಯ ಪ್ರೋಬ್ ತಾನು ಹೊಡೆದ ಮಿಡಿತದ ಅಲುಗಾಟ ನಿಲ್ಲಿಸುವುದರೊಳಗೆ ಪ್ರತಿಧ್ವನಿ ಬಂದು ಹೋಗಿರುತ್ತದೆ. ನೇರವಾಗಿ ಕೆಳಗೆ ನೋಡುವ ವಿಧಾನಕ್ಕೆ ತಗಡು ತೀರಾ ತೆಳು.

ಇಲ್ಲಿ ನಮಗೆ ಸಹಾಯಕ್ಕೆ ಬರುವವರು ಹೊರೇಸ್ ಲ್ಯಾಂಬ್. ಮ್ಯಾಂಚೆಸ್ಟರಿನ ಗಣಿತದ ಪ್ರೊಫೆಸರ್. 1917ರಲ್ಲಿ ಅವರು ತೆಳು ಹಲಗೆಯೊಳಗೆ ಅಲೆಗಳು ಹೇಗೆ ಸಾಗುತ್ತವೆ ಅನ್ನುವ ಲೆಕ್ಕ ಬಿಡಿಸಿದರು. ಆಗ ತಗಡು ಪರೀಕ್ಷೆಯ ಯೋಚನೆ ಯಾರಿಗೂ ಇರಲಿಲ್ಲ. ಅವರ ಲೆಕ್ಕ ಹೇಳುವುದು ಇಷ್ಟು. ಹಲಗೆ ತೆಳುವಾಗಿದ್ದರೆ ಅಲೆ ಮೇಲಿನ ಮುಖಕ್ಕೂ ಕೆಳಗಿನ ಮುಖಕ್ಕೂ ತಾಗುತ್ತಾ, ಎರಡರ ನಡುವೆ ಸಿಕ್ಕಿಕೊಂಡು, ಹಲಗೆಯ ಉದ್ದಕ್ಕೆ ಸಾಗುತ್ತದೆ. ತಗಡು ಶಬ್ದವನ್ನು ಹೊರಗೆ ಬಿಡುವುದಿಲ್ಲ, ತನ್ನೊಳಗೇ ದಾರಿ ಮಾಡಿಕೊಟ್ಟು ದೂರ ಒಯ್ಯುತ್ತದೆ. ಗಾಳಿ ಶಬ್ದವನ್ನು ಒಳಗೆ ಬಿಡುವುದಿಲ್ಲ ಅಂತ ಈಗಷ್ಟೇ ದೂರಿದೆವಲ್ಲ, ಅದೇ ಗುಣ ಇಲ್ಲಿ ಶಬ್ದ ಹೊರಗೆ ಸೋರದ ಹಾಗೆ ಕಾಪಾಡುತ್ತದೆ.

ಇದರಿಂದ ಆಗುವ ಲಾಭ ನೋಡಿ. 1.25 ಮೀಟರ್ ಅಗಲದ ಉಕ್ಕಿನ ತಗಡು ಓಡುತ್ತಿದೆ. ಒಂದು ಅಂಚಿನ ಹತ್ತಿರ ಅಲೆ ಹುಟ್ಟಿಸಿ ಅಡ್ಡಕ್ಕೆ ಕಳಿಸುತ್ತೇವೆ. ಲ್ಯಾಂಬ್ ಅಲೆಗಳಲ್ಲಿ ತಗಡು ಉದ್ದಕ್ಕೆ ಹಿಗ್ಗಿ ಕುಗ್ಗುವ ಬಗೆಯ ಅಲೆ ಉಕ್ಕಿನಲ್ಲಿ ಸೆಕೆಂಡಿಗೆ ಸುಮಾರು 5,400 ಮೀಟರ್ ಹೋಗುತ್ತದೆ. ಇನ್ನೊಂದು ಅಂಚು ತಲುಪಲು 0.23 ಮಿಲಿಸೆಕೆಂಡ್ ಸಾಕು. ತಗಡು ಸೆಕೆಂಡಿಗೆ 2 ಮೀಟರ್ ಓಡುತ್ತಿದ್ದರೆ ಅಷ್ಟರಲ್ಲಿ ಅದು ಸರಿಯುವುದು ಅರ್ಧ ಮಿಲಿಮೀಟರಿಗಿಂತ ಕಡಿಮೆ. ಸೆಕೆಂಡಿಗೆ 200 ಮಿಡಿತ ಕಳಿಸಿದರೆ ಪ್ರತಿ 10 ಮಿಲಿಮೀಟರಿಗೆ ಒಂದು ಸಲ ಇಡೀ ಅಗಲವನ್ನು ನೋಡಿದ ಹಾಗಾಯಿತು. ಪ್ರೋಬನ್ನು ಅತ್ತಿತ್ತ ಓಡಾಡಿಸುವ ಅಗತ್ಯವೇ ಇಲ್ಲ. ತಗಡಿನ ಪ್ರತಿ ಇಂಚನ್ನೂ ನೋಡುವುದು ಈ ಅಲೆಗಳಿಂದ ಕೈಗೆಟುಕಿತು.

ಆದರೆ ಅಲೆಯನ್ನು ಆರಿಸುವಾಗ ಹುಷಾರಾಗಿರಬೇಕು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಯಂತ್ರ ಮಾರುವವರು ಇದನ್ನು ಹೇಳುವುದು ಕಡಿಮೆ. ತಗಡಿನಲ್ಲಿ ಅಲೆಗಳು ಹಲವು ಬಗೆ. ಅದರಲ್ಲಿ ಒಂದು, ಅಲೆ ಸಾಗುವ ದಿಕ್ಕಿಗೆ ಅಡ್ಡವಾಗಿ, ತಗಡಿನ ಮಟ್ಟದಲ್ಲೇ ಎಡಕ್ಕೂ ಬಲಕ್ಕೂ ಅಲುಗುವ ಅಲೆ. ಇದನ್ನು ಎಸ್‌ಎಚ್ (ಶಿಯರ್ ಹಾರಿಜಾಂಟಲ್) ಅಲೆ ಅನ್ನುತ್ತೇವೆ. ಅದರ ಮೊದಲ ರೂಪದಲ್ಲಿ ತಗಡಿನ ದಪ್ಪ ಪೂರ್ತಿ ಒಟ್ಟಿಗೇ ಅಲುಗುತ್ತದೆ. ವೇಗ ಸೆಕೆಂಡಿಗೆ ಸುಮಾರು 3,200 ಮೀಟರ್, ಕಂಪನ, ಅಂದರೆ ಸೆಕೆಂಡಿಗೆ ಎಷ್ಟು ಸಲ ಅಲುಗುತ್ತದೆ ಅನ್ನುವುದು, ಬದಲಾದರೂ ವೇಗ ಬದಲಾಗುವುದಿಲ್ಲ. ತಗಡಿನ ಮೇಲೆ ಎಣ್ಣೆ, ನೀರು ಇದ್ದರೂ ಇದಕ್ಕೆ ಹೆಚ್ಚು ತೊಂದರೆ ಇಲ್ಲ. ಅಡ್ಡ ಬಿರುಕು, ವೆಲ್ಡಿಂಗ್ ದೋಷ ಹುಡುಕಲು ಇದರಷ್ಟು ಸರಳವಾದ ಅಲೆ ಇನ್ನೊಂದಿಲ್ಲ. ಆದರೆ ತಗಡಿನ ನಡುವೆ ಪದರ ಬಿಟ್ಟಿದ್ದರೆ? ಮೇಲಿನ ಪದರ, ಕೆಳಗಿನ ಪದರ ಎರಡೂ ಹೇಗೂ ಒಟ್ಟಿಗೇ ಅಲುಗುತ್ತಿರುತ್ತವೆ. ನಡುವೆ ಅಂಟಿದ್ದರೂ ಬಿಟ್ಟಿದ್ದರೂ ಅಲೆಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಲ್ಯಾಮಿನೇಷನ್ ಮೇಲೆ ಅದು ಏನೂ ಆಗದ ಹಾಗೆ ಹಾದು ಹೋಗುತ್ತದೆ.

ಅದಕ್ಕೆ ಅದೇ ಅಲೆಯ ಎರಡನೇ ರೂಪ ಬೇಕು. ಅದರಲ್ಲಿ ಮೇಲಿನ ಮುಖ ಎಡಕ್ಕೆ ಹೋದಾಗ ಕೆಳಗಿನ ಮುಖ ಬಲಕ್ಕೆ ಹೋಗುತ್ತದೆ. ಇದಕ್ಕೆ ಒಂದು ಷರತ್ತು ಇದೆ. ತಗಡಿನ ದಪ್ಪ ಅಡ್ಡ ಅಲೆಯ ಅರ್ಧ ತರಂಗಾಂತರಕ್ಕಿಂತ ಜಾಸ್ತಿ ಇರಬೇಕು, ಇಲ್ಲದಿದ್ದರೆ ಇದು ಸಾಗುವುದೇ ಇಲ್ಲ. 3 ಮಿಲಿಮೀಟರ್ ಉಕ್ಕಿನ ತಗಡಿಗೆ ಲೆಕ್ಕ ಹಾಕಿದರೆ 530 ಕಿಲೋಹರ್ಟ್ಸ್‌ಗಿಂತ ಮೇಲಿನ ಕಂಪನ ಬೇಕು. ನಾವು 700ರಲ್ಲಿ ಕಳಿಸಿದೆವು ಅಂತ ಇಟ್ಟುಕೊಳ್ಳಿ. ಒಳ್ಳೆಯ ತಗಡಿನಲ್ಲಿ ಆರಾಮವಾಗಿ ಹೋಗುತ್ತದೆ. ಪದರ ಬಿಟ್ಟ ಜಾಗಕ್ಕೆ ಬಂದಾಗ ಅಲ್ಲಿರುವುದು ಒಂದೂವರೆ ಮಿಲಿಮೀಟರಿನ ಎರಡು ತಗಡು. ಅದರಲ್ಲಿ ಹೋಗಲು ಸುಮಾರು 1,070 ಕಿಲೋಹರ್ಟ್ಸ್ ಬೇಕು. ನಮ್ಮ ಅಲೆಗೆ ಅಲ್ಲಿ ದಾರಿ ಮುಚ್ಚಿದೆ. ಒಂದೋ ವಾಪಸ್ ಬರಬೇಕು, ಇಲ್ಲ ರೂಪ ಬದಲಿಸಿಕೊಳ್ಳಬೇಕು. ಎರಡೂ ನಮ್ಮ ಪರದೆಯಲ್ಲಿ ಕಾಣುತ್ತದೆ. ಯಂತ್ರ ಒಂದೇ, ತಗಡೂ ಒಂದೇ. ಅಲೆ ಬದಲಾಯಿಸಿದ್ದಕ್ಕೆ ಕಾಣದ ದೋಷ ಕಂಡಿತು.

ಈಗ ಮುಖ್ಯ ಪ್ರಶ್ನೆ. ಮುಟ್ಟದೆ ಈ ಅಲೆಯನ್ನು ತಗಡಿನೊಳಗೆ ತರುವುದು ಹೇಗೆ? ಮೂರು ದಾರಿ ಇವೆ.

ಒಂದು, ಗಾಳಿಯ ಮೂಲಕವೇ ಕಳಿಸುವುದು. ನಷ್ಟ ಎಷ್ಟು ಅಂತ ಆಗಲೇ ಹೇಳಿದೆ. ಆದರೂ ಮಾಡುತ್ತಾರೆ. ಗಾಳಿಗೆ ಹೊಂದುವ ಹಗುರ ಪದರಗಳನ್ನು ಮುಂದೆ ಅಂಟಿಸಿದ ವಿಶೇಷ ಪ್ರೋಬುಗಳಿವೆ, ಸದ್ದಿಲ್ಲದ ಆಂಪ್ಲಿಫೈಯರುಗಳಿವೆ. ತಗಡಿಗೆ ಸರಿಯಾದ ಕೋನದಲ್ಲಿ ಹೊಡೆದರೆ ಗಾಳಿಯ ಅಲೆ ತಗಡಿನ ಅಲೆಯ ಜೊತೆ ಹೆಜ್ಜೆ ಹಾಕುತ್ತದೆ, ಆಗ ನಷ್ಟ ಬಹಳ ಕಡಿಮೆಯಾಗುತ್ತದೆ. ತಗಡು ಬಾಗಿ ಬಾಗಿ ಸಾಗುವ ಅಲೆಯ ವೇಗ 1,700 ಮೀಟರ್ ಇದ್ದರೆ ಆ ಕೋನ, ತಗಡಿಗೆ ಲಂಬವಾದ ಗೆರೆಯಿಂದ ಅಳೆದರೆ, 12 ಡಿಗ್ರಿಗೆ ಹತ್ತಿರ. ಸ್ವಲ್ಪ ತಪ್ಪಿದರೂ ಸಿಗ್ನಲ್ ಬಿದ್ದುಹೋಗುತ್ತದೆ. ಶೆಡ್ಡಿನ ಗಾಳಿ ಬಿಸಿಯಾದರೆ ಗಾಳಿಯಲ್ಲಿ ಶಬ್ದದ ವೇಗ ಬದಲಾಗಿ ಕೋನವೂ ಸರಿಯುತ್ತದೆ. ಕಂಪನ ಹೆಚ್ಚಿಸಲೂ ಆಗುವುದಿಲ್ಲ. 1 ಮೆಗಾಹರ್ಟ್ಸ್‌ನಲ್ಲಿ ಗಾಳಿ ಪ್ರತಿ ಸೆಂಟಿಮೀಟರಿಗೆ ಸುಮಾರು 1.6 ಡೆಸಿಬೆಲ್ ನುಂಗುತ್ತದೆ, ಕಂಪನ ಎರಡು ಪಟ್ಟಾದರೆ ನುಂಗುವುದು ನಾಲ್ಕು ಪಟ್ಟು. ವಿಮಾನದ ಕಾರ್ಬನ್ ಫೈಬರ್ ಹಲಗೆಗಳಿಗೆ, ಜೇನುಗೂಡಿನ ಹಾಗಿರುವ ಹಗುರ ಪ್ಯಾನೆಲ್‌ಗಳಿಗೆ ಇದು ಒಳ್ಳೆಯ ವಿಧಾನ. ಉಕ್ಕಿನ ತಗಡಿಗೆ ಇದನ್ನು ನಾನು ಮೊದಲ ಆಯ್ಕೆಯಾಗಿ ಹೇಳುವುದಿಲ್ಲ.

ಎರಡನೆಯದು ನನಗೆ ಪ್ರಿಯವಾದದ್ದು. ಶಬ್ದವನ್ನು ಗಾಳಿ ದಾಟಿಸುವ ಕಷ್ಟ ಯಾಕೆ, ತಗಡಿನೊಳಗೇ ಹುಟ್ಟಿಸೋಣ ಅನ್ನುವ ಯೋಚನೆ. ಉಕ್ಕು, ಅಲ್ಯೂಮಿನಿಯಂ, ತಾಮ್ರ ಎಲ್ಲ ವಿದ್ಯುತ್ ಹರಿಯುವ ಲೋಹಗಳು. ತಗಡಿನ ಮೇಲೆ, ತಾಗದ ಹಾಗೆ, ಒಂದು ಚಪ್ಪಟೆ ತಂತಿ ಸುರುಳಿ ಹಿಡಿಯಿರಿ. ಅದರ ಹಿಂದೆ ಬಲವಾದ ಆಯಸ್ಕಾಂತ ಇಡಿ. ತಂತಿಯಲ್ಲಿ ಬೇಕಾದ ಕಂಪನದ ಕರೆಂಟ್ ಹರಿಸಿದರೆ ತಗಡಿನ ಮೇಲ್ಪದರದಲ್ಲಿ ಎಡ್ಡಿ ಕರೆಂಟ್, ಅಂದರೆ ಸುಳಿಯಾಗಿ ಹರಿಯುವ ಕರೆಂಟ್, ಹುಟ್ಟುತ್ತದೆ. 1 ಮೆಗಾಹರ್ಟ್ಸ್‌ನಲ್ಲಿ ಅಲ್ಯೂಮಿನಿಯಂನೊಳಗೆ ಅದು ಇಳಿಯುವುದು ಮಿಲಿಮೀಟರಿನ ಹತ್ತನೇ ಒಂದು ಪಾಲಿಗಿಂತ ಕಡಿಮೆ. ಆಯಸ್ಕಾಂತದ ಕ್ಷೇತ್ರದಲ್ಲಿ ಹರಿಯುವ ಕರೆಂಟಿನ ಮೇಲೆ ಬಲ ಬೀಳುತ್ತದೆ. ಪಿಯುಸಿಯಲ್ಲಿ ಓದಿದ ಲೊರೆಂಟ್ಜ್ ಬಲ ಇದೇ. ಆ ಬಲ ಕರೆಂಟಿನ ತಾಳಕ್ಕೆ ತಗಡನ್ನು ಅಲುಗಿಸುತ್ತದೆ. ಅಲೆ ಅಲ್ಲೇ ಹುಟ್ಟಿತು. ಗಾಳಿಯನ್ನು ದಾಟಿದ್ದು ಆಯಸ್ಕಾಂತ ಕ್ಷೇತ್ರ ಮಾತ್ರ, ಅದಕ್ಕೆ ಗಾಳಿ ಅಡ್ಡಿ ಅಲ್ಲ. ಉಕ್ಕಿನಲ್ಲಿ ಇದರ ಜೊತೆಗೆ ಇನ್ನೊಂದು ಪರಿಣಾಮವೂ ಸೇರುತ್ತದೆ. ಆಯಸ್ಕಾಂತ ಕ್ಷೇತ್ರ ಬದಲಾದರೆ ಉಕ್ಕು ತುಸು ಹಿಗ್ಗಿ ಕುಗ್ಗುತ್ತದೆ. ವಾಪಸ್ ಬರುವ ಅಲೆಯನ್ನು ಹಿಡಿಯುವುದೂ ಇದೇ ಸುರುಳಿ. ತಗಡು ಆಯಸ್ಕಾಂತ ಕ್ಷೇತ್ರದಲ್ಲಿ ಅಲುಗಿದಾಗ ಅದರಲ್ಲಿ ಕರೆಂಟ್ ಹುಟ್ಟಿ, ಮೇಲಿನ ತಂತಿಯಲ್ಲಿ ಪುಟ್ಟ ವೋಲ್ಟೇಜ್ ಆಗಿ ಕಾಣಿಸುತ್ತದೆ.

ಇದಕ್ಕೆ ಇಮ್ಯಾಟ್ (ಎಲೆಕ್ಟ್ರೋಮ್ಯಾಗ್ನೆಟಿಕ್ ಅಕೌಸ್ಟಿಕ್ ಟ್ರಾನ್ಸ್‌ಡ್ಯೂಸರ್) ಅಂತ ಹೆಸರು. 1960ರ ದಶಕದ ಕೊನೆಯಿಂದ ಇದರ ಮೇಲೆ ಗಂಭೀರ ಕೆಲಸ ನಡೆದಿದೆ. ಇದರಲ್ಲಿ ನನಗೆ ತುಂಬಾ ಚೆಂದ ಅನಿಸುವುದು ಅಲೆಯ ಆಯ್ಕೆ ನಮ್ಮ ಕೈಯಲ್ಲೇ ಇರುವುದು. ತಂತಿಯನ್ನು ಹಾವಿನ ನಡೆಯಂತೆ ಅಂಕುಡೊಂಕಾಗಿ ಸುತ್ತಿದರೆ ಅದರ ಅಂತರವೇ ಅಲೆಯ ಉದ್ದವನ್ನು ಕಟ್ಟುತ್ತದೆ. ಪುಟ್ಟ ಆಯಸ್ಕಾಂತಗಳನ್ನು ಉತ್ತರ, ದಕ್ಷಿಣ, ಉತ್ತರ, ದಕ್ಷಿಣ ಅಂತ ಸಾಲಾಗಿ ಜೋಡಿಸಿದರೆ ಆಗ ಹೇಳಿದ ಎಸ್‌ಎಚ್ ಅಲೆ ಹುಟ್ಟುತ್ತದೆ. ಒಂದು ಜೋಡಿಯ ಅಳತೆ 10 ಮಿಲಿಮೀಟರ್ ಇದ್ದರೆ ಉಕ್ಕಿನಲ್ಲಿ 320 ಕಿಲೋಹರ್ಟ್ಸ್‌ನಲ್ಲಿ ಮೊದಲ ರೂಪ ಬರುತ್ತದೆ. ಮುಟ್ಟುವ ಪ್ರೋಬಿನಲ್ಲಿ ಈ ಅಲೆ ಎಬ್ಬಿಸುವುದು ಕಷ್ಟ. ನೀರು ಅಡ್ಡ ಅಲುಗಾಟವನ್ನು ಒಯ್ಯುವುದಿಲ್ಲ, ಅದಕ್ಕೆ ತುಂಬಾ ಗಟ್ಟಿಯಾದ ಅಂಟು ದ್ರವ ಬೇಕು. ಇಮ್ಯಾಟಿಗೆ ಅದು ಸಹಜವಾಗಿ ಬರುತ್ತದೆ.

ತಗಡಿನ ಕಾರ್ಖಾನೆಯಲ್ಲಿ ಇದಕ್ಕೆ ಹೊಂದುವ ಕೆಲಸ ಹಲವು. ಒಂದನ್ನು ಹೇಳುತ್ತೇನೆ. ಲೈನ್ ನಿಲ್ಲಬಾರದು ಅಂತ ಒಂದು ಸುರುಳಿಯ ಬಾಲಕ್ಕೆ ಇನ್ನೊಂದು ಸುರುಳಿಯ ತಲೆಯನ್ನು ವೆಲ್ಡ್ ಮಾಡುತ್ತಾರೆ. ಆ ಬೆಸುಗೆ ಲೈನಿನ ನಡುವೆ ಕಿತ್ತುಹೋದರೆ ತಗಡು ಒಳಗೆಲ್ಲ ಸಿಕ್ಕಿಕೊಂಡು ಗಂಟೆಗಟ್ಟಲೆ ಕೆಲಸ ನಿಲ್ಲುತ್ತದೆ, ಬಿಡಿಸಲು ಹೋದವರಿಗೆ ಅಪಾಯ. ವೆಲ್ಡ್ ಮಾಡಿದ ಕೂಡಲೇ, ಅದು ಇನ್ನೂ ಬಿಸಿ ಇರುವಾಗಲೇ, ಇಮ್ಯಾಟ್ ಅದರ ಉದ್ದಕ್ಕೂ ನೋಡಿ ಸರಿ ಇದೆಯೋ ಇಲ್ಲವೋ ಹೇಳಬಲ್ಲದು. ನೀರು ಬೇಡ, ಒರೆಸುವುದು ಬೇಡ. ಕಾರಿನ ಬಾಗಿಲಿಗೆ ಬೇರೆ ಬೇರೆ ದಪ್ಪದ ತಗಡು ಸೇರಿಸಿ ಲೇಸರ್ ವೆಲ್ಡ್ ಮಾಡುತ್ತಾರಲ್ಲ, ಅಲ್ಲೂ ಇದೇ.

ಇಮ್ಯಾಟಿನ ಬೆಲೆಯನ್ನೂ ಹೇಳಬೇಕು. ಸಿಗ್ನಲ್ ತುಂಬಾ ದುರ್ಬಲ, ಮೈಕ್ರೋವೋಲ್ಟ್ ಲೆಕ್ಕದಲ್ಲಿ. ಪಕ್ಕದಲ್ಲಿ ದೊಡ್ಡ ಮೋಟರ್ ಡ್ರೈವ್ ಇದ್ದರೆ ಅದರ ಗದ್ದಲದಲ್ಲಿ ಇದು ಮುಳುಗುತ್ತದೆ. ಪ್ರೋಬ್ ತಗಡಿನಿಂದ ದೂರ ಹೋದಂತೆ ಸಿಗ್ನಲ್ ಬಹಳ ಬೇಗ ಕುಸಿಯುತ್ತದೆ. ಒಂದೆರಡು ಮಿಲಿಮೀಟರ್ ಮೀರುವಂತಿಲ್ಲ. ಓಡುವ ತಗಡು ಅಷ್ಟು ಸ್ಥಿರವಾಗಿ ಓಡುವುದಿಲ್ಲ, ಅದಕ್ಕೆ ರೋಲರ್ ಮೇಲೆ ಬಿಗಿಯಾಗಿ ಹಾಯುವ ಜಾಗದಲ್ಲಿ ಪ್ರೋಬ್ ಇಡಬೇಕು. ಆಯಸ್ಕಾಂತ ಕಬ್ಬಿಣದ ಚೂರುಗಳನ್ನೆಲ್ಲ ಎಳೆದುಕೊಳ್ಳುತ್ತದೆ, ತಗಡಿಗೇ ಅಂಟಿಕೊಳ್ಳಲು ನೋಡುತ್ತದೆ. ಬಿಸಿಗೆ ನಿಯೋಡಿಮಿಯಂ ಆಯಸ್ಕಾಂತ ಶಕ್ತಿ ಕಳೆದುಕೊಳ್ಳುತ್ತದೆ, ತಣ್ಣಗಿಡುವ ವ್ಯವಸ್ಥೆ ಬೇಕು. ಇಷ್ಟೆಲ್ಲ ಇದ್ದರೂ ತಗಡಿನ ಮಟ್ಟಿಗೆ ಮೊದಲು ನೋಡಬೇಕಾದ ದಾರಿ ಇದೇ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಮೂರನೆಯದು ಲೇಸರ್. ಸುಮಾರು 10 ನ್ಯಾನೋಸೆಕೆಂಡಿನ ಲೇಸರ್ ಮಿಡಿತ ತಗಡಿಗೆ ಬಿದ್ದರೆ ಆ ಚುಕ್ಕೆ ತಟ್ಟನೆ ಬಿಸಿಯಾಗಿ ಹಿಗ್ಗುತ್ತದೆ. ಆ ಹಿಗ್ಗುವಿಕೆಯೇ ಅಲೆಯಾಗಿ ಹೊರಡುತ್ತದೆ. ಹೀಗೆ ತಟ್ಟನೆ ಬಿಸಿ ಮಾಡಿ ಅಲೆ ಹುಟ್ಟಿಸಬಹುದು ಅಂತ ಅಮೆರಿಕದ ಆರ್. ಎಂ. ವೈಟ್ 1963ರಲ್ಲಿ ತೋರಿಸಿದರು, ಮೊದಲ ಲೇಸರ್ ಬಂದು ಆಗಿನ್ನೂ ಮೂರೇ ವರ್ಷ. ಅಲೆ ಬಂದಾಗ ಮೇಲ್ಮೈ ನ್ಯಾನೋಮೀಟರ್ ಲೆಕ್ಕದಲ್ಲಿ ಏಳುತ್ತದೆ. ಅದನ್ನು ಇನ್ನೊಂದು ಲೇಸರ್ ಮತ್ತು ಇಂಟರ್‌ಫೆರೋಮೀಟರ್ (ಬೆಳಕಿನ ಅಲೆಗಳನ್ನು ಹೋಲಿಸಿ ಸಣ್ಣ ಸರಿತ ಅಳೆಯುವ ಉಪಕರಣ) ಅಳೆಯುತ್ತವೆ. ಪ್ರೋಬ್ ಒಂದು ಮೀಟರ್ ದೂರ ಇದ್ದರೂ ನಡೆಯುತ್ತದೆ, ಲೋಹ ಕೆಂಪಗೆ ಕಾದಿದ್ದರೂ ನಡೆಯುತ್ತದೆ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಬೆಳೆದ ಈ ತಂತ್ರವನ್ನು ಅಮೆರಿಕದ ಟಿಮ್ಕೆನ್ ಕಂಪನಿ ಬಿಸಿ ಉಕ್ಕಿನ ಕೊಳವೆಗಳ ಗೋಡೆಯ ದಪ್ಪವನ್ನು ಲೈನಿನಲ್ಲೇ ಅಳೆಯಲು ಬಳಸಿತು. ಬಿಸಿ ಉಕ್ಕಿನಲ್ಲಿ ಹರಳುಗಳು ಎಷ್ಟು ದೊಡ್ಡದಾಗಿವೆ ಅನ್ನುವುದನ್ನೂ, ಅಲೆ ಎಷ್ಟು ಚದುರಿತು ಅಂತ ನೋಡಿ ಅಂದಾಜು ಮಾಡಬಹುದು. ಬೆಲೆ ಜಾಸ್ತಿ, ಕಣ್ಣಿನ ರಕ್ಷಣೆಗೆ ಇಡೀ ಜಾಗವನ್ನು ಮುಚ್ಚಬೇಕು.

ಬೆಳಕಿನಿಂದ ಅಲ್ಟ್ರಾಸೌಂಡ್ ನೋಡುವ ಮಾತು ಬಂದಾಗ ಬೆಂಗಳೂರನ್ನು ನೆನೆಯದೆ ಮುಂದೆ ಹೋಗಲಾರೆ. ಸಿ. ವಿ. ರಾಮನ್ ಮತ್ತು ನಾಗೇಂದ್ರನಾಥ್ 1935-36ರಲ್ಲಿ ಅಲ್ಟ್ರಾಸೌಂಡ್ ಹಾಯುತ್ತಿರುವ ದ್ರವದೊಳಗೆ ಬೆಳಕು ಹೇಗೆ ಚೆದುರುತ್ತದೆ ಅನ್ನುವುದಕ್ಕೆ ಸಿದ್ಧಾಂತ ಕೊಟ್ಟರು. ಆಗ ರಾಮನ್ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ರಾಮನ್-ನಾಥ್ ವಿವರ್ತನೆ ಅಂತ ಜಗತ್ತಿನ ಪಠ್ಯಪುಸ್ತಕಗಳಲ್ಲಿ ಈಗಲೂ ಓದುತ್ತಾರೆ. ಲೇಸರ್ ತಗಡು ಪರೀಕ್ಷೆಯ ವಿಧಾನ ಬೇರೆ, ಆದರೂ ಈ ಕ್ಷೇತ್ರಕ್ಕೆ ಬರುವ ನಮ್ಮ ಹುಡುಗ ಹುಡುಗಿಯರಿಗೆ ಇದು ಗೊತ್ತಿರಬೇಕು.

ದೋಷದ ಬಗ್ಗೆಯೇ ಇಷ್ಟು ಹೊತ್ತು ಮಾತಾಡಿದೆ. ಈ ಅಲೆಗಳು ದೋಷವಿಲ್ಲದ ತಗಡಿನ ಸ್ವಭಾವವನ್ನೂ ಹೇಳುತ್ತವೆ. ತಗಡನ್ನು ರೋಲ್ ಮಾಡಿದಾಗ ಒಳಗಿನ ಹರಳುಗಳು ಒಂದು ದಿಕ್ಕಿಗೆ ಒಲಿಯುತ್ತವೆ. ಆಗ ರೋಲಿಂಗ್ ದಿಕ್ಕಿನಲ್ಲಿ, 45 ಡಿಗ್ರಿಯಲ್ಲಿ, 90 ಡಿಗ್ರಿಯಲ್ಲಿ ಅಲೆಯ ವೇಗ ತುಸು ತುಸು ಬೇರೆ ಇರುತ್ತದೆ. ವ್ಯತ್ಯಾಸ ಸಣ್ಣದು, ಆದರೆ ಸಮಯವನ್ನು ನಾವು ಬಹಳ ನಿಖರವಾಗಿ ಅಳೆಯಬಲ್ಲೆವು. ಈ ಮೂರು ವೇಗಗಳಿಂದ ತಗಡು ಡೀಪ್ ಡ್ರಾಯಿಂಗಿಗೆ ಎಷ್ಟು ಒಗ್ಗುತ್ತದೆ, ಬಟ್ಟಲಿನ ಅಂಚಿನಲ್ಲಿ ಕಿವಿಗಳ ಹಾಗೆ ಏರಿಳಿತ ಬರುತ್ತದೋ ಇಲ್ಲವೋ ಅನ್ನುವುದನ್ನು ಅಂದಾಜು ಮಾಡಬಹುದು. ಅಮೆರಿಕದ ಏಮ್ಸ್ ಪ್ರಯೋಗಾಲಯದಲ್ಲಿ, ಜರ್ಮನಿಯಲ್ಲಿ, ಜಪಾನಿನಲ್ಲಿ ಇದರ ಮೇಲೆ ಒಳ್ಳೆಯ ಕೆಲಸ ಆಗಿದೆ. ಮಾಮೂಲಿ ವಿಧಾನದಲ್ಲಿ ಸುರುಳಿಯ ತುದಿಯಿಂದ ಪಟ್ಟಿ ಕತ್ತರಿಸಿ ಎಳೆದು ನೋಡಬೇಕು. ಅದು ತುದಿಯ ಕಥೆಯನ್ನಷ್ಟೇ ಹೇಳುತ್ತದೆ. ಅಲೆ ಇಡೀ ಸುರುಳಿಯ ಕಥೆ ಹೇಳುತ್ತದೆ.

ಇನ್ನು ಪ್ರಶ್ನೆಗಳು.

ಸಣ್ಣ ವರ್ಕ್‌ಶಾಪ್ ನಡೆಸುವವರೊಬ್ಬರು ಕೇಳಿದರು: "ಸಾರ್, ನಾವು ತಿಂಗಳಿಗೆ ಸ್ವಲ್ಪವೇ ತಗಡು ತಗೊಳ್ಳೋದು. ಇಷ್ಟು ದೊಡ್ಡ ಯಂತ್ರ ನಮಗೆ ಆಗುತ್ತಾ?"

ಯಂತ್ರ ತಗೋಬೇಡಿ. ತಗಡಿನ ಜೊತೆ ಮಿಲ್ಲಿನವರು ಕೊಡುವ ಮಿಲ್ ಟೆಸ್ಟ್ ಸರ್ಟಿಫಿಕೇಟ್ ಕೇಳಿ ಪಡೆಯಿರಿ, ಅದರಲ್ಲಿರುವ ಹೀಟ್ ನಂಬರ್ (ಉಕ್ಕು ಯಾವ ಕರಗಿಸುವಿಕೆಯದು ಅನ್ನುವ ಗುರುತು) ತಗಡಿನ ಮೇಲಿರುವುದಕ್ಕೆ ತಾಳೆ ಆಗುತ್ತದಾ ನೋಡಿ. ಶಿಯರಿಂಗ್ ಮಾಡಿದ ಮೇಲೆ ಕತ್ತರಿಸಿದ ಅಂಚನ್ನು ಒಳ್ಳೆಯ ಬೆಳಕಿನಲ್ಲಿ ನೋಡಿ. ಅಂಚಿನ ನಡುವೆ ಉದ್ದಕ್ಕೆ ಸಣ್ಣ ಗೆರೆ ಕಂಡರೆ ಆ ತಗಡನ್ನು ಪಕ್ಕಕ್ಕಿಡಿ. ಅನುಮಾನ ಇದ್ದರೆ ಎನ್‌ಡಿಟಿ ಲ್ಯಾಬಿಗೆ ಒಂದು ತುಂಡು ಕೊಡಿ. ಮತ್ತೆ, ತಗಡು ಸೀಳಿದಾಗ ಆಪರೇಟರಿಗೆ ಬೈಯುವ ಮೊದಲು ಸೀಳಿದ ಅಂಚನ್ನು ನೋಡಿ.

ಒಬ್ಬ ವಿದ್ಯಾರ್ಥಿನಿ: "ಈಗ ಕ್ಯಾಮೆರಾ, ಎಐ ಎಲ್ಲ ಬಂದಿದೆ. ಅದು ಸಾಕಾಗಲ್ವಾ?"

ಮೇಲ್ಮೈಗೆ ಕ್ಯಾಮೆರಾ ತುಂಬಾ ಒಳ್ಳೆಯದು, ದೊಡ್ಡ ಮಿಲ್ಲುಗಳಲ್ಲಿ ಬಳಸುತ್ತಾರೆ. ಗೀರು, ಕಲೆ, ಸಿಪ್ಪೆ ಎದ್ದಿದ್ದು ಅದಕ್ಕೆ ಕಾಣುತ್ತದೆ. ತಗಡಿನ ನಡುವೆ ಇರುವ ಪದರಕ್ಕೆ ಬೆಳಕು ತಲುಪುವುದಿಲ್ಲ. ಎಐ ನಮಗೂ ಬೇಕು, ಆದರೆ ಬೇರೆ ಕೆಲಸಕ್ಕೆ. ಅಲೆಯ ಸಿಗ್ನಲಿನಲ್ಲಿ ಯಾವುದು ದೋಷ, ಯಾವುದು ತಗಡು ಜಿಗಿದಾಗ ಬಂದ ಏರಿಳಿತ ಅಂತ ಬೇರ್ಪಡಿಸಲು. ಅದಕ್ಕೆ ಕಲಿಸಬೇಕಾದರೆ ಗೊತ್ತಿರುವ ದೋಷದ ಮಾದರಿ ತಗಡುಗಳು ಬೇಕು. ಅಳತೆ ಗೊತ್ತಿರುವ ಕಚ್ಚು ಕೊರೆದ ರೆಫರೆನ್ಸ್ ಶೀಟ್ ಇಲ್ಲದೆ ಯಾವ ಯಂತ್ರವನ್ನೂ ನಂಬಬೇಡಿ.

ಕೊನೆಯ ಪ್ರಶ್ನೆ ಡಿಪ್ಲೊಮಾ ಹುಡುಗರದು: "ಇಮ್ಯಾಟ್ ನಾವೇ ಮಾಡಿ ನೋಡಬಹುದಾ?"

ಖಂಡಿತ ಮಾಡಬಹುದು. ತಗಡಿನಿಂದ ಶುರು ಮಾಡಬೇಡಿ, 25 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಬ್ಲಾಕ್ ತಗೊಳ್ಳಿ. ಅದು ಆಯಸ್ಕಾಂತಕ್ಕೆ ಅಂಟುವುದಿಲ್ಲ, ಸಿಗ್ನಲ್ ಚೆನ್ನಾಗಿ ಬರುತ್ತದೆ. ತೆಳು ಎನಾಮಲ್ ತಂತಿಯನ್ನು ಚಪ್ಪಟೆಯಾಗಿ ಸುರುಳಿ ಸುತ್ತಿ, ಅಥವಾ ಪಿಸಿಬಿ ಮೇಲೇ ಸುರುಳಿ ಬರೆಸಿ. ಅದರ ಮೇಲೆ ನಿಯೋಡಿಮಿಯಂ ಆಯಸ್ಕಾಂತ ಇಡಿ, ಅದರ ಧ್ರುವದ ಮುಖ ಕೆಳಗೆ ಇರಲಿ. ಲ್ಯಾಬಿನ ಅಲ್ಟ್ರಾಸೋನಿಕ್ ಪಲ್ಸರ್‌ನಿಂದ ಮಿಡಿತ ಕೊಡಿ. ವಾಪಸ್ ಬಂದದ್ದನ್ನು ಕಡಿಮೆ ಗದ್ದಲದ ಆಂಪ್ಲಿಫೈಯರಿನಲ್ಲಿ ಸಾವಿರ ಪಟ್ಟಿಗಿಂತ ಹೆಚ್ಚಿಸಿ, ಆಸಿಲೋಸ್ಕೋಪಿನಲ್ಲಿ ನೂರಾರು ಸಲದ ಸರಾಸರಿ ತೆಗೆಯಿರಿ. ಅಲ್ಯೂಮಿನಿಯಂನಲ್ಲಿ ಅಡ್ಡ ಅಲೆಯ ವೇಗ ಸೆಕೆಂಡಿಗೆ 3,100 ಮೀಟರ್ ಆಸುಪಾಸು, ಹಾಗಾಗಿ ಸುಮಾರು 16 ಮೈಕ್ರೋಸೆಕೆಂಡಿಗೊಂದು ಪ್ರತಿಧ್ವನಿ ಕಾಣಬೇಕು. ಕಂಡ ಮೇಲೆ ಸುರುಳಿಗೂ ಬ್ಲಾಕಿಗೂ ನಡುವೆ ಒಂದೊಂದೇ ಕಾಗದದ ಹಾಳೆ ಸೇರಿಸುತ್ತಾ ಪ್ರತಿಧ್ವನಿಯ ಎತ್ತರ ಬರೆದುಕೊಳ್ಳಿ. ಪ್ರೋಬನ್ನು ಎಷ್ಟು ದೂರ ಇಡಬಹುದು ಅನ್ನುವುದು ನಿಮಗೇ ಗೊತ್ತಾಗುತ್ತದೆ. ಆಮೇಲೆ ತಗಡಿಗೆ ಬನ್ನಿ. ಪಲ್ಸರಿನಲ್ಲಿ ನೂರಾರು ವೋಲ್ಟ್ ಇರುತ್ತದೆ, ಮೇಷ್ಟ್ರು ಜೊತೆಗಿಲ್ಲದೆ ಆನ್ ಮಾಡಬೇಡಿ. ದೊಡ್ಡ ಆಯಸ್ಕಾಂತ ಎರಡು ಒಟ್ಟಿಗೆ ಸೇರಿದರೆ ಬೆರಳು ಜಜ್ಜುತ್ತದೆ. ಪೇಸ್‌ಮೇಕರ್ ಹಾಕಿಸಿಕೊಂಡವರು ಅದರ ಹತ್ತಿರ ಬರದ ಹಾಗೆ ನೋಡಿಕೊಳ್ಳಿ.